ಮೇಪಲ್ ಮರದ ಬಾಯಿ ಎಲ್ಲಿದೆ

ಬೋಸ್ ಎಂಬ ಹಿಮಸೀಮೆಯ ನಮ್ಮ ಬೀದಿಗೆ ಇಪ್ಪತ್ತೆರಡು ವರ್ಷದಿಂದ ಅಂಚೆ ಹಂಚುತ್ತಿರುವವಳು ನಾನು. ಕಾಗದ ಕೊಟ್ಟು ಸುಮ್ಮನೆ ಹೋಗುವ ಜಾಯಮಾನ ನನ್ನದಲ್ಲ. ಅದಕ್ಕೇ ರೊಲಾಂದ್ ಟುರ್ಮೆಲ್‌ಳ ಮರದ ಗಲಾಟೆಯಲ್ಲಿ ನಾನೂ ಸಿಕ್ಕಿಕೊಂಡೆ.

ರೊಲಾಂದ್‌ಗೆ ಎಪ್ಪತ್ತೊಂದು. ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಬಟಾಣಿ ಸೂಪು ಬಡಿಸಿದ ಕೈ. ಸೊರಗಿದ್ದು ಕಣ್ಣಿಗೆ ಬಿದ್ದರೆ, ಅದು ನಾಯಿಯಾಗಲಿ ಪಾದ್ರಿಯಾಗಲಿ, ಹೊಟ್ಟೆ ಬಿರಿಯುವಷ್ಟು ತಿನ್ನಿಸದೆ ಬಿಡುವವಳಲ್ಲ. ಅಂಥವಳ ಅಂಗಳದಲ್ಲೇ ಒಂದು ಮೇಪಲ್ ಸೊರಗತೊಡಗಿತು. ಮದುವೆಯಾದ ವರ್ಷ ಅವಳ ಗಂಡ ಅಲ್ಸೀದ್ ನೆಟ್ಟ ಮರ. ಅಲ್ಸೀದ್ ತೀರಿಕೊಂಡು ಆರು ವರ್ಷವಾಗಿತ್ತು. ಈಗ ಮರದ ತುದಿಯ ಎಲೆಗಳು ಹೆಬ್ಬೆರಳಿನಷ್ಟಾಗಿ, ಆಗಸ್ಟ್‌ನಲ್ಲೇ ಕೆಂಪಾಗಿ ಉದುರುತ್ತಿದ್ದವು.

ಪಕ್ಕದ ಮನೆ ಅಲ್ಸೀದ್‌ನ ಅಣ್ಣ ಒನೆಸಿಮ್‌ನದು. ಒಣಕೊಂಬೆ ತನ್ನ ಮಾಡಿನ ಮೇಲೆ ಬೀಳುತ್ತದೆ, ಮರ ಕಡಿಸು ಎಂದು ಅವನ ಹಟ. ರೊಲಾಂದ್ ಜಗಳವಾಡಿ, ಅತ್ತು, ಕೊನೆಗೆ ಮುಂದಿನ ಜೂನ್‌ನ ಸೇಂಟ್ ಜಾನ್ ಹಬ್ಬದವರೆಗೆ ಗಡುವು ಪಡೆದಳು. ಅಷ್ಟರಲ್ಲಿ ತುದಿ ಚೆನ್ನಾಗಿ ಚಿಗುರದಿದ್ದರೆ ಕಡಿಯುವವರನ್ನು ತಾನೇ ಕರೆಸುವುದಾಗಿ ಮಾತು ಕೊಟ್ಟಳು.

ಮರಕ್ಕೆ ಅವಳು ಉಣಿಸುತ್ತಿರಲಿಲ್ಲವೆಂದಲ್ಲ. ಒಲೆಯ ಬೂದಿ ಮೇಪಲ್‌ಗೆ ಒಳ್ಳೆಯದೆಂದು ನಮ್ಮಲ್ಲಿ ಎಲ್ಲರೂ ಬುಡಕ್ಕೆ ಸುರಿಯುತ್ತೇವೆ. ಚಳಿಗಾಲವಿಡೀ ದಿನಕ್ಕೊಂದು ಬಕೆಟ್ ಅವಳ ಲೆಕ್ಕ. ಆ ವರ್ಷ ನನ್ನ ಒತ್ತಾಯಕ್ಕೆ ಒಂದು ಚೀಲ ಮಣ್ಣನ್ನು ಪ್ರಯೋಗಾಲಯಕ್ಕೆ ಪರೀಕ್ಷೆಗೆ ಕಳಿಸಿದಳು.

ಅಕ್ಟೋಬರಿನಲ್ಲಿ ಉತ್ತರ ಬಂತು. ಉಳಿದ ಕಾಗದಗಳನ್ನೆಲ್ಲ ಬಿಟ್ಟು ಮೊದಲು ಅವಳ ಮನೆಗೇ ಓಡಿದೆ. ಗೇಟಿನ ಹತ್ತಿರವೇ ನಿಂತು ಇಬ್ಬರೂ ಓದಿದೆವು. ಬುಡದಲ್ಲಿ ಬೂದಿ ಅತಿಯಾಗಿದೆ, ಇನ್ನು ಒಂದು ಚಿಟಿಕೆಯೂ ಬೇಡ. ಮರ ಉಣ್ಣುವುದು ಬುಡದಲ್ಲಲ್ಲ, ಕೊಂಬೆಗಳ ತುದಿ ಎಲ್ಲಿಯವರೆಗೆ ಚಾಚಿದೆಯೋ ಅಲ್ಲಿಯ ನೆಲದೊಳಗಿನ ಎಳೆಬೇರುಗಳಲ್ಲಿ. ಕೊನೆಯಲ್ಲಿ ಒಂದು ಪ್ರಶ್ನೆ: ಆಸುಪಾಸಿನ ಹುಲ್ಲಿಗೆ ಕಳೆನಾಶಕ ಬೆರೆಸಿದ ಗೊಬ್ಬರ ಹಾಕುತ್ತೀರಾ?

ನಾವಿಬ್ಬರೂ ಒಟ್ಟಿಗೇ ಕತ್ತು ಹೊರಳಿಸಿದೆವು. ಅರ್ಧ ಮರ ಒನೆಸಿಮ್‌ನ ಹುಲ್ಲಿನ ಮೇಲೆ ಚಾಚಿತ್ತು. ಒಂದೇ ಒಂದು ಕಳೆ ಇಲ್ಲದ ಹುಲ್ಲು. ಪ್ರತಿ ಮೇ ತಿಂಗಳು ಅವನು ಅದಕ್ಕೆ ಪುಡಿ ಎರಚುವುದನ್ನು ಊರೇ ನೋಡಿದೆ. ಅದರ ಮೇಲೆ ಕಾಲಿಟ್ಟರೆ ನನಗೂ ಬೈಗುಳ.

ರೊಲಾಂದ್ ಕೈಗುದ್ದಲಿ ಹಿಡಿದು ನೇರ ಅದರ ನಡುವೆ ಹೋಗಿ ಕೂತಳು. ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಒನೆಸಿಮ್ ಚಪ್ಪಲಿಯಲ್ಲೇ ಓಡಿಬಂದ.

"ತಲೆ ಕೆಟ್ಟಿದೆಯೇನೇ ನಿಂಗೆ?"

ಅವಳು ಮಣ್ಣಿನಿಂದ ಕೂದಲಿನಂಥ ಬೇರುಗಳನ್ನು ಎತ್ತಿ ತೋರಿಸಿದಳು. ಅರ್ಧಕ್ಕರ್ಧ ಕಪ್ಪಗಾಗಿದ್ದವು.

"ಇದು ನಿಮ್ಮ ತಮ್ಮ ನೆಟ್ಟ ಮರದ ಬಾಯಿ, ಭಾವ. ನಾನು ಬುಡಕ್ಕೆ ಬೂದಿ ಮೆತ್ತಿದೆ, ನೀವು ಬಾಯಿಗೆ ವಿಷ ಹಾಕಿದ್ರಿ. ಇಬ್ರೂ ಸೇರಿ ಸಾಯಿಸ್ತಾ ಇದೀವಿ."

ಅವನು ಕಾಗದ ಕಿತ್ತುಕೊಂಡು ಎರಡು ಸಲ ಓದಿದ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಕೆಲಸ ಕೆಟ್ಟಿತು ಎಂದುಕೊಂಡೆ.

ಏಪ್ರಿಲ್ ಕೊನೆಗೆ ಹಿಮ ಕರಗಿದ ಮೇಲೆ ನೋಡುತ್ತೇನೆ, ಒನೆಸಿಮ್ ಹಾರೆ ಹಿಡಿದು ತನ್ನ ಹುಲ್ಲಿನಲ್ಲೇ ಮಾರಿಗೊಂದು ತೂತು ಕೊರೆಯುತ್ತಿದ್ದಾನೆ! ರೊಲಾಂದ್ ಅವನ ಹಿಂದೆಯೇ ಒಂದೊಂದು ತೂತಿಗೂ ಕೊಳೆತ ಎಲೆಗೊಬ್ಬರ ತುಂಬುತ್ತಿದ್ದಳು. ಬುಡದ ಬೂದಿಯನ್ನೆಲ್ಲ ಆಗಲೇ ಕೆರೆದು ತೆಗೆದಾಗಿತ್ತು. ಅವಳ ಕೈ ಎರಡನೇ ಹಿಡಿಗೆ ಹೋದಾಗಲೆಲ್ಲ ಅವನು ಗದರುತ್ತಿದ್ದ.

"ಒಂದು ಹಿಡಿ ಅಂದ್ರೆ ಒಂದೇ. ಇದೇನು ನಿನ್ನ ಶಾಲೆ ಮಕ್ಕಳಾ?"

ಕೈ ಬಿಗಿಹಿಡಿಯುವುದು ಅವಳಿಗೆ ಎಷ್ಟು ಕಷ್ಟವೆಂದು ನನಗೆ ಗೊತ್ತು. ಆದರೂ ಹಿಡಿದಳು. ಮೇ ತಿಂಗಳಲ್ಲಿ ಒನೆಸಿಮ್ ಪುಡಿ ಎರಚಲಿಲ್ಲ. ಅವನ ಹುಲ್ಲಿನ ತುಂಬ ಹಳದಿ ಕಳೆಹೂ ಎದ್ದಿತು. ಚರ್ಚಿನ ಮೆಟ್ಟಿಲ ಮೇಲೆ ಜನ ಸಾಸಿವೆ ಬೆಳೆ ಹೇಗಿದೆ ಎಂದು ಅವನನ್ನು ಕಿಚಾಯಿಸಿದರು. ಅವನು ಕೇಳಿಸಿಕೊಳ್ಳದವನಂತೆ ನಡೆದ.

ಸೇಂಟ್ ಜಾನ್ ಹಬ್ಬ ಬಂತು. ಕೆಳಗಿನ ಕೊಂಬೆಗಳು ದಟ್ಟವಾಗಿದ್ದವು, ತುದಿ ಮಾತ್ರ ನೆಲದಿಂದ ಕಾಣುತ್ತಿರಲಿಲ್ಲ. ಎಪ್ಪತ್ತೆಂಟರ ಒನೆಸಿಮ್ ಏಣಿ ಹಾಕಿ ಮಾಡು ಹತ್ತಿದ. ಏಣಿ ಹಿಡಿದವಳು ನಾನು. ರೊಲಾಂದ್ ಮರಕ್ಕೆ ಬೆನ್ನು ಹಾಕಿ, ಏಪ್ರನ್ ಹಿಂಡುತ್ತ ನಿಂತಿದ್ದಳು. ಮೇಲಿಂದ ಎಷ್ಟು ಹೊತ್ತಾದರೂ ಸದ್ದಿಲ್ಲ. ನನಗೆ ರೇಗಿಹೋಯಿತು, ಏನಾದರೂ ಒದರಯ್ಯ ಎಂದು ಕೂಗಿದೆ.

ಅವನು ಇಳಿದುಬಂದು ಅಂಗೈ ಚಾಚಿದ. ತುದಿಕೊಂಬೆಯ ಎಲೆ ಅಂಗೈಯನ್ನೂ ಮೀರಿ ಹರಡಿತ್ತು, ಕಡುಹಸಿರು. ರೊಲಾಂದ್ ನಗುತ್ತ, ಅಳುತ್ತ ಅವನ ಬೆನ್ನಿಗೆ ಎರಡು ಗುದ್ದಿದಳು. ನಾನು ಕುಣಿದೇಬಿಟ್ಟೆ.

ಒನೆಸಿಮ್ ನಗಲಿಲ್ಲ.

"ಸಮಾಧಿಗೆ ಹೋದಾಗ ಅಲ್ಸೀದ್‌ಗೆ ಹೇಳು. ನಾನು ಬೇಕಂತ ಮಾಡ್ಲಿಲ್ಲ ಅಂತ."

"ನೀವೇ ಬಂದು ಹೇಳಿ, ಭಾವ," ಎಂದಳು ರೊಲಾಂದ್. "ಆ ಎಲೆ ತಗೊಂಡು ಬನ್ನಿ."