ಅವರೆ ಹೊಲದ ಮೇಲೆ ಬಂದ ಹೆಲಿಕಾಪ್ಟರ್

ತಲೆಯ ಮೇಲೆ ಹಾರುತ್ತಿದ್ದ ವಾಯುಪಡೆಯ ತರಬೇತಿ ಹೆಲಿಕಾಪ್ಟರ್ ಇದ್ದಕ್ಕಿದ್ದಂತೆ ಕೆಮ್ಮತೊಡಗಿತು. ಅಟ್ಟೂರಿನ ಆಚೆ, ಬಡಾವಣೆಗಳ ನಡುವೆ ನಮಗೆ ಉಳಿದಿರುವ ತುಂಡು ಹೊಲದಲ್ಲಿ ದೊಡ್ಡಮ್ಮ, ನಾನು, ಅಕ್ಕಪಕ್ಕದ ಹೆಂಗಸರು ಅವರೆಕಾಯಿ ಬಿಡಿಸುತ್ತಿದ್ದೆವು. ಅದು ನೇರ ನಮ್ಮ ಮೇಲೇ ಇಳಿಯುವಂತಿತ್ತು. ಕೊನೇ ಗಳಿಗೆಯಲ್ಲಿ ಪಕ್ಕಕ್ಕೆ ವಾಲಿ, ಬೇಲಿ ದಾಟಿ, ಖಾಲಿ ಸೈಟುಗಳ ಕಲ್ಲುಮಣ್ಣಿನ ಮೇಲೆ ದಢಾರನೆ ಬಿತ್ತು. ಅದರ ಬಾಲ ಮುರಿದೇ ಹೋಯಿತು.

ಧೂಳಿನೊಳಗಿಂದ ಹಾರಾಟ ಕಲಿಸುವ ಅಧಿಕಾರಿಯೂ ಕಲಿಯಲು ಬಂದ ಹುಡುಗಿಯೂ ಕುಂಟುತ್ತಾ ಹೊರಬಂದರು.

"ಎಂಜಿನ್ ಕೈಕೊಡ್ತಮ್ಮ. ನಿಮ್ಮ ಹೊಲದಲ್ಲೇ ಇಳಿಸೋಣ ಅಂದ್ಕೊಂಡೆ, ಮಣ್ಣು ಮೆತ್ತಗಿತ್ತು. ಅಷ್ಟರಲ್ಲಿ ನೀವೆಲ್ಲ ಕಂಡ್ರಿ, ಪಕ್ಕಕ್ಕೆ ತಿರುಗಿಸ್ಬಿಟ್ಟೆ" ಎಂದರು ಆ ಅಧಿಕಾರಿ.

ದೊಡ್ಡಮ್ಮ ಬುತ್ತಿಗೆ ತಂದಿದ್ದ ಉಪ್ಪು, ಮೆಣಸಿನಕಾಯಿ ಹಿಡಿದು ಇಬ್ಬರಿಗೂ ದೃಷ್ಟಿ ನಿವಾಳಿಸಿದರು. ಅದನ್ನು ಸುಡಲು ಬೆಂಕಿಪೊಟ್ಟಣವನ್ನೂ ತೆಗೆದರು.

"ಅಯ್ಯಯ್ಯೋ, ಕಡ್ಡಿ ಗೀರ್ಬೇಡಿ ಅಮ್ಮಾ! ಫ್ಯೂಯಲ್ ಸೋರ್ತಿದೆ!" ಎಂದು ಅಧಿಕಾರಿ ಕೂಗಿದರು.

"ಅಂಗಾದ್ರೆ ನೀರಿಗೆ ಆಕ್ತೀನಿ, ಅಲ್ಲಾಡ್ದೆ ನಿಂತ್ಕಳಪ್ಪ!" ಎಂದು ದೊಡ್ಡಮ್ಮ ಗದರಿದರು. ಅಷ್ಟು ನೋವಿನಲ್ಲೂ ಆ ಹುಡುಗಿ ನಕ್ಕುಬಿಟ್ಟಳು. ಆಂಬುಲೆನ್ಸ್ ಬಂದು ಅವರನ್ನು ಕರೆದೊಯ್ದ ಮೇಲಷ್ಟೇ ಗೊತ್ತಾಯಿತು, ನಾವು ಯಾರೂ ಅವರ ಹೆಸರೇ ಕೇಳಿರಲಿಲ್ಲ.

ಮರುದಿನ ದೊಡ್ಡಮ್ಮ ಊರ ಗುಡಿಯಲ್ಲಿ ಅವರಿಬ್ಬರಿಗೂ ಅರ್ಚನೆ ಮಾಡಿಸಲು ಹೋದರು. ಪೂಜಾರಪ್ಪ ಹೆಸರು, ನಕ್ಷತ್ರ ಕೇಳಿದರು. "ಅದೆಲ್ಲ ಗೊತ್ತಿಲ್ಲ ಕಣಪ್ಪ. ನಮ್ಮನೆ ಮಕ್ಕಳು ಅಂತ ಯೋಳು ದೇವ್ರಿಗೆ" ಎಂದರು. ಇಂದಿಗೂ ಪ್ರತಿ ಶುಕ್ರವಾರ ಆ ಅರ್ಚನೆ ನಡೆಯುತ್ತದೆ. ಪೂಜಾರಪ್ಪ ಈಗ ಹೆಸರು ಕೇಳುವುದಿಲ್ಲ.