ಕನ್ನಡ ಮಾತಾಡಿದವರ ಹಲಗೆ

ಐವತ್ತರ ದಶಕದಲ್ಲಿ, ಹೆಬ್ಬಾಳದ ಕಡೆಯ ನಮ್ಮ ಕಾನ್ವೆಂಟಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಮಿಸ್ ಕೆಂಪಾಪುರದ ರೈತರ ಮಗಳು. ಕ್ಲಾಸಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಚಾಕ್‌ಪೀಸಿನಿಂದ ಮೇಜು ಕುಟ್ಟಿ, “ಇಂಗ್ಲಿಷ್ ಪ್ಲೀಸ್, ಗರ್ಲ್ಸ್” ಎನ್ನುತ್ತಿದ್ದರು. ಆಡಿದವಳು ಗಂಟೆ ಹೊಡೆಯುವವರೆಗೂ ಕೊರಳಿಗೆ ಮರದ ಹಲಗೆ ಹಾಕಿಕೊಂಡಿರಬೇಕು. ಅದು ಸ್ಕೂಲಿನ ರೂಲ್.

ಒಂದು ದಿನ ಮಿಸ್ ಅವರ ತಾಯಿ ಮಡಿಲಲ್ಲಿ ಸೀಬೆಹಣ್ಣು ಕಟ್ಟಿಕೊಂಡು ಕ್ಲಾಸಿನ ಬಾಗಿಲಿಗೇ ಬಂದರು.

“ಇಂಗ್ಯಾಕ್ ಸೊರಗಿದ್ದೀಯ ಮಗಾ? ಸರಿಯಾಗಿ ಉಣ್ಣಾಕಿಲ್ವಾ?”

ಮಿಸ್ ಒಮ್ಮೆ ನಮ್ಮತ್ತ ನೋಡಿ, “ಐ ಆಮ್ ಫೈನ್” ಎಂದರು. ಆ ತಾಯಿ ಏನೂ ತಿಳಿಯದೆ ಮಗಳ ಮುಖವನ್ನೇ ನೋಡುತ್ತ ನಿಂತರು.

“ಉಣ್ತೀನಿ ಕಣವ್ವ, ಚೆನ್ನಾಗಿವ್ನಿ.”

ತಾಯಿ ಹೋದ ಮೇಲೆ ಮಿಸ್ ಹಲಗೆಯನ್ನು ತಮ್ಮ ಕೊರಳಿಗೇ ಹಾಕಿಕೊಂಡು ಪೊಯಮ್ ಮುಂದುವರಿಸಿದರು. ಗಂಟೆ ಹೊಡೆಯುವವರೆಗೂ ತೆಗೆಯಲಿಲ್ಲ.