ನಾನು ಬರೆದುಕೊಟ್ಟ ಮಾಫಿ ಪತ್ರ

ಮುಮ್ತಾಜ್, ನಿನ್ನ ಅಣ್ಣ ದಸ್ತಗೀರನ ತಪ್ಪಿನಿಂದ ಆ ವಿಮಾನ ಸಮುದ್ರಕ್ಕೆ ಬೀಳಲಿಲ್ಲ. ತಪ್ಪು ನನ್ನದು. ಅದು ನನಗೆ ಅಂದೇ ಗೊತ್ತಿತ್ತು — ಬಬಲೇಶ್ವರದ ನಿಮ್ಮ ಮನೆಯಲ್ಲಿ ಚಾಪೆಯ ಮೇಲೆ ಕುಳಿತು ಚಹಾ ಕುಡಿಯುವಾಗಲೂ ಗೊತ್ತಿತ್ತು.

ನಾನು ತಿಕೋಟಾದವನು, ಅವನು ಬಬಲೇಶ್ವರದವನು. ವಿಜಾಪುರದ ಹಾಸ್ಟೆಲಿನಲ್ಲಿ ಒಂದೇ ಕೋಣೆ. ಭೂತನಾಳ ಕೆರೆಯಲ್ಲಿ ಈಜು ಕಲಿತ ನಾವಿಬ್ಬರು ನೌಕಾಪಡೆ ಸೇರಿ ವಿಮಾನ ಹಾರಿಸುತ್ತೇವೆಂದಾಗ ಊರವರು ನಕ್ಕಿದ್ದರು. ಎಪ್ಪತ್ತೊಂದರ ಯುದ್ಧದಲ್ಲಿ ಇಬ್ಬರೂ ಹಾರಿದೆವು. ಪದಕ ಮಾತ್ರ ನನಗೆ ಬಂತು. ನನಗಿಂತ ಹೆಚ್ಚು ಕುಣಿದವನು ದಸ್ತಗೀರ.

ಯುದ್ಧ ಮುಗಿದು ಎರಡು ವರ್ಷವಾಗಿತ್ತು. ಒಂದು ಸಂಜೆ ನಾನು ಹಾರಾಟ ಮುಗಿಸಿ ಇಳಿಯುವಾಗ ವಿಮಾನವನ್ನು ತಿರುಗಿಸುವ, ಕೈಯಲ್ಲಿದ್ದ ಸ್ಟಿಕ್ ಒಂದು ಕ್ಷಣ ಬಿಗಿದುಕೊಂಡಿತು, ಮತ್ತೆ ಸಡಿಲಾಯಿತು. ಇಳಿದವನು ಮೊದಲು ಮಾಡಬೇಕಾದ ಕೆಲಸ ಒಂದೇ: ಕಂಡ ದೋಷವನ್ನು ವಿಮಾನದ ಪುಸ್ತಕದಲ್ಲಿ ಬರೆದು ಸಹಿ ಹಾಕುವುದು. ಬರೆದರೆ ತಪಾಸಣೆ ಮುಗಿಯುವವರೆಗೆ ಆ ವಿಮಾನ ಮೇಲೇರುವಂತಿಲ್ಲ. ಮರುದಿನ ದೊಡ್ಡ ಅಧಿಕಾರಿಗಳ ಮುಂದೆ ಅದೇ ವಿಮಾನವನ್ನು ನಾನು ಹಾರಿಸಿ ತೋರಿಸಬೇಕಿತ್ತು. ಪದಕ ತೊಟ್ಟವನ ಹಮ್ಮು ನೋಡು — ‘ದೋಷವಿಲ್ಲ’ ಎಂದು ಬರೆದು ಸಹಿ ಹಾಕಿದೆ.

ಬೆಳಗ್ಗೆ ಅಧಿಕಾರಿಗಳ ಜೊತೆ ಇರಲು ನನ್ನನ್ನು ಕರೆಸಿಕೊಂಡರು. ವಿಮಾನ ದಸ್ತಗೀರನ ಪಾಲಿಗೆ ಬಂತು. ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ ನನ್ನ ಪಕ್ಕದಲ್ಲೇ ಹಾದುಹೋದ. ಹೇಳಬಹುದಿತ್ತು. ಹೇಳಿದರೆ, ‘ನಿನ್ನೆ ಯಾಕೆ ಬರೆಯಲಿಲ್ಲ?’ ಎಂದು ಕೇಳುತ್ತಿದ್ದರು. ಅಷ್ಟೇ, ತಂಗಿ. ಅಷ್ಟಕ್ಕೇ ನಾನು —

ನೀರಿನ ಮೇಲೆ ತಿರುಗಿದ ವಿಮಾನ ಮತ್ತೆ ಮೇಲೇಳಲಿಲ್ಲ.

ವಿಚಾರಣೆಯಲ್ಲಿ ನನ್ನನ್ನೂ ಕೇಳಿದರು. ವಿಮಾನ ಸರಿಯಾಗಿತ್ತು ಎಂದೆ. ಪದಕವಿದ್ದವನ ಮಾತನ್ನು ಯಾರು ಅನುಮಾನಿಸುತ್ತಾರೆ? ಅದು ಪೈಲಟನ ತಪ್ಪು ಎಂದು ತೀರ್ಮಾನವಾಯಿತು.

ರಜೆಯಲ್ಲಿ ನಿಮ್ಮ ಮನೆಗೆ ಬಂದಾಗ ನಿನ್ನ ಅಪ್ಪ, ನಮ್ಮ ಚಾಚಾ, ಹೊಲಿಗೆ ಯಂತ್ರದ ಮುಂದಿನಿಂದ ಎದ್ದು ಬಂದರು. ಅಳಲಿಲ್ಲ. ಒಂದು ಬಿಳಿ ಹಾಳೆ ನನ್ನ ಮುಂದಿಟ್ಟರು.

“ಮಲ್ಲು, ನಮ್ಮ ಹುಡುಗ ಸರಕಾರದ ವಿಮಾನ ಮುಳುಗಿಸ್ಯಾನ. ದೊಡ್ಡ ಸಾಹೇಬ್ರಿಗೆ ಒಂದು ಮಾಫಿ ಪತ್ರ ಬರದು ಕೊಡ ಯಪ್ಪಾ. ನನಗ ಇಂಗ್ಲಿಷ್ ಬರೂದಿಲ್ಲ.”

“ಅದೆಲ್ಲಾ ಬ್ಯಾಡ್ರಿ ಚಾಚಾ.”

“ಬ್ಯಾಡಂದ್ರ ಹ್ಯಾಂಗ? ಗಿರಾಕಿ ಅರಿವಿ ಮ್ಯಾಲೆ ನನ್ನ ಕತ್ತರಿ ತಪ್ಪಿದ್ರ ನಾ ಸುಮ್ಮ ಕುಂದರತೇನೇನು?”

ಆಗ ಒಳಗಿನಿಂದ ನೀನು ಬಂದೆ. ಅತ್ತೂ ಅತ್ತೂ ನಿನ್ನ ಮುಖ ಊದಿತ್ತು. “ನಮ್ಮಣ್ಣ ತಪ್ಪು ಮಾಡೂ ಪೈಕಿ ಅಲ್ಲ. ನೀವಽ ಹೇಳ್ರಿ ಅಣ್ಣಾ, ಅಂವ ಹಂಗ ಮಾಡತಿದ್ದನೇನು?”

ನಾನು ಹೇಳಿದ್ದು ನಿನಗೆ ನೆನಪಿರಬಹುದು. ನಾನಂತೂ ಒಂದು ದಿನವೂ ಮರೆತಿಲ್ಲ. “ಆಕಾಶದಾಗ ಯಾರ ಕಡಿಂದರ ಒಮ್ಮೊಮ್ಮೆ ತಪ್ಪು ಆಗತಾವ, ತಂಗಿ.”

ನೀನು ತಿರುಗಿ ಒಳಗೆ ಹೋದೆ. ನಾನು ಪತ್ರ ಬರೆದೆ — ನನ್ನ ತಪ್ಪಿಗೆ, ನನ್ನದೇ ಕೈಬರಹದಲ್ಲಿ, ನಿನ್ನ ಅಪ್ಪನ ಹೆಸರಿನಲ್ಲಿ ಮಾಫಿ. ಚಾಚಾ ಕೆಳಗೆ ನಿಧಾನವಾಗಿ ಸಹಿ ಮಾಡಿದರು. ವಿಜಾಪುರದಲ್ಲಿ ಬಸ್ಸಿಳಿದು ಅದನ್ನು ಅಂಚೆ ಡಬ್ಬಿಗೆ ಹಾಕಿದವನೂ ನಾನೇ. ಹರಿದು ಬಿಸಾಡುವಷ್ಟು ನಾಚಿಕೆಯೂ ನನ್ನಲ್ಲಿ ಉಳಿದಿರಲಿಲ್ಲ.

ಆಮೇಲೆ ನಾನು ಏರುತ್ತಲೇ ಹೋದೆ. ಹಡಗಿನ ಹೊಣೆ ಕೊಟ್ಟರು, ನೌಕಾನೆಲೆಯ ಹೊಣೆ ಕೊಟ್ಟರು, ಕೊನೆಗೆ ಅಡ್ಮಿರಲ್ ಮಾಡಿದರು. ತಿಕೋಟಾದಲ್ಲಿ ಸನ್ಮಾನ ಇಟ್ಟುಕೊಂಡಾಗ ಚಾಚಾ ಆ ವಯಸ್ಸಿನಲ್ಲಿ ಬಸ್ಸು ಹತ್ತಿ ಬಂದು, ಪೇಢೆ ಹಂಚಿ, ಎಲ್ಲರೆದುರು ನನ್ನ ಗಲ್ಲ ಸವರಿದರು. “ಒಬ್ಬ ಮಗ ಹೆಸರು ಕೆಡಿಸಿದ್ರೂ ಇನ್ನೊಬ್ಬ ಉಳಿಸ್ಯಾನ ನೋಡ್ರಿ” ಎಂದರು. ಜನ ಚಪ್ಪಾಳೆ ತಟ್ಟಿದರು. ನಾನು ಆ ಪೇಢೆ ತಿಂದೆ, ಮುಮ್ತಾಜ್.

ನನಗೆ ವಯಸ್ಸು ಕಡಿಮೆಯಿತ್ತು, ಹೆದರಿದ್ದೆ ಎಂದೆಲ್ಲ ಬರೆದು ಹೊಡೆದುಹಾಕಿದ್ದೇನೆ. ಅಷ್ಟು ವರ್ಷ ಯಾರೂ ಹೆದರಿಕೊಂಡೇ ಇರುವುದಿಲ್ಲ. ಸುಖವಾಗಿತ್ತು, ಸುಮ್ಮನಿದ್ದೆ.

ನಡೆದದ್ದನ್ನೆಲ್ಲ ಬರೆದು, ಸಹಿ ಹಾಕಿ, ಈ ದಿನ ನೌಕಾಪಡೆಗೆ ಕಳಿಸಿದ್ದೇನೆ. ಅದರ ಪ್ರತಿ ಇದರ ಜೊತೆಗಿದೆ. ಬಬಲೇಶ್ವರದಲ್ಲಿ ಯಾರಿಗೆ ಬೇಕಾದರೂ ತೋರಿಸು. ಪದಕ ವಾಪಸ್ ಕೇಳಿದರೆ ಕೊಡುತ್ತೇನೆ. ದಸ್ತಗೀರನ ಹೆಸರಿನ ಮೇಲಿನ ಕಲೆ ಕಾಗದದಲ್ಲಾದರೂ ಹೋಗಬಹುದು.

ಆದರೆ ಚಾಚಾ ಈಗ ಇಲ್ಲ. ತಮ್ಮ ಮಗನೇ ತಪ್ಪು ಮಾಡಿದ ಎಂದು ನಂಬಿಕೊಂಡೇ ಅವರು ಮಣ್ಣಾದರು. ಅವರಿಗೆ ತಲುಪುವಂತೆ ನಾನು ಏನನ್ನೂ ಬರೆಯಲಾರೆ.